ಮಾರಿದವನ ಹೊಣೆ

ತನ್ನದಾದ ವಸ್ತುವೊಂದನ್ನು ಬೆಲೆಗೆ ಮಾರಿದವನ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬುದು ವ್ಯವಹಾರಶಾಸ್ತ್ರಕ್ಕೆ ಎಷ್ಟು ಹಳೆಯ ಪ್ರಶ್ನೆಯೋ ಧರ್ಮಚಿಂತನೆಗೂ ಅಷ್ಟೇ ಹಳೆಯದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇಂದು ಈ ಪ್ರಶ್ನೆ ಸಾಮಾನ್ಯ ಮನೆಗಳ ಬಾಗಿಲಿಗೆ ಬರುವುದು ಹಳೆಯ ಬೈಕಿನ ರೂಪದಲ್ಲಿ. ತೊಗರಿ ಮಾರಿದ ಹಣ ಕೈಸೇರಿದಾಗ ಹೊಸ ಗಾಡಿ ಕೊಳ್ಳುವವನು ಹಳೆಯದನ್ನು ಪಕ್ಕದ ಊರಿನವನಿಗೆ ಕೊಡುತ್ತಾನೆ. ದುಡಿಮೆಗಾಗಿ ಪುಣೆ, ಮುಂಬೈಗಳಿಗೆ ಹೊರಟವನು ಹೋಗುವ ಮುನ್ನ ಸಿಕ್ಕಷ್ಟಕ್ಕೆ ಮಾರಿ ನಡೆಯುತ್ತಾನೆ. ಚಾವಿ, ಆರ್‌ಸಿ ಕಾರ್ಡು, ಸಹಿ ಹಾಕಿದ ಖಾಲಿ ಫಾರಮ್ಮುಗಳು ಕೈ ಬದಲಾಯಿಸುತ್ತವೆ. ಹೆಸರು ಮಾತ್ರ ಕಲಬುರಗಿಯ ಕೆಎ-32 ನೋಂದಣಿಯಲ್ಲಿ ಹಳೆಯವನದೇ ಉಳಿದುಬಿಡುತ್ತದೆ.

ಈ ಪ್ರಶ್ನೆಯನ್ನು ಆಳವಾಗಿ ವಿಚಾರಿಸಿದ ಗ್ರಂಥವೊಂದು ಇದೇ ನೆಲದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನವನ್ನು ಬರೆದನು. ಆತ ಈಗಿನ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಶಾಸನದ ಆಧಾರದಿಂದ ಪರಿಗಣಿಸಲಾಗಿದೆ. ಹಿಂದೂ ಉತ್ತರಾಧಿಕಾರದ ಕಾನೂನಿಗೆ ತಳಹದಿಯಾದ ಕೃತಿಯೆಂದೇ ಹೆಸರಾಗಿರುವ ಮಿತಾಕ್ಷರದಲ್ಲಿ ಮಾರಾಟದ ವಿಚಾರವೂ ವಿಸ್ತಾರವಾಗಿಯೇ ಇದೆಯೆಂಬುದನ್ನು ಓದುಗರು ಅಷ್ಟಾಗಿ ಗಮನಿಸಿಲ್ಲ. ಒಡೆಯನಲ್ಲದವನು ಮಾಡುವ ಮಾರಾಟಕ್ಕೆ ‘ಅಸ್ವಾಮಿವಿಕ್ರಯ’ವೆಂದು ಹೆಸರು. ಅಂಥ ವಸ್ತು ತನ್ನದೆಂದು ಸಿದ್ಧಪಡಿಸಿದ ನಿಜವಾದ ಒಡೆಯ ಅದನ್ನು ಮರಳಿ ಪಡೆಯಬಹುದು. ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರ ಕಡಿಮೆ ಬೆಲೆಗೆ, ಅದನ್ನು ಹೊಂದಿರಲಾರದವನ ಕೈಯಿಂದ ಕೊಂಡವನನ್ನು ಕಳ್ಳನ ಸಾಲಿನಲ್ಲೇ ನಿಲ್ಲಿಸಲಾಗುತ್ತದೆ. ಮಾರಿದವನನ್ನು ಹಿಡಿದು ತೋರಿಸಿದರೆ ಮಾತ್ರ ಕೊಂಡವನ ಕಳಂಕ ಕಳೆಯುತ್ತದೆ. ಕೊಂಡ ಮೇಲೆ ಬೇಡವೆನಿಸುವ ಪ್ರಸಂಗ ‘ಕ್ರೀತಾನುಶಯ’. ಅದಕ್ಕಾಗಿ ಪರೀಕ್ಷೆಯ ಅವಧಿಗಳನ್ನೇ ಸ್ಮೃತಿ ಗೊತ್ತುಮಾಡಿದೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ಹೊರೆ ಹೊರುವ ಪ್ರಾಣಿಗೆ 5, ಕರೆಯುವ ಪ್ರಾಣಿಗೆ 3. ದೋಷವುಳ್ಳದ್ದನ್ನು ದೋಷವಿಲ್ಲದ್ದೆಂದು ಮಾರಿದವನಿಗೆ ಬೆಲೆಯ ಇಮ್ಮಡಿ ದಂಡ. ಇದೇ ಪಟ್ಟಿಯಲ್ಲಿ ದಾಸದಾಸಿಯರಿಗೂ ಪರೀಕ್ಷೆಯ ಅವಧಿ ಹೇಳಿರುವುದನ್ನು ಮರೆಮಾಚಬಾರದು. ಮನುಷ್ಯರನ್ನು ಸರಕಾಗಿ ಕಂಡ ಸಮಾಜದ ನಿಯಮಗಳಿವು. ಆದರೂ ಎತ್ತಿಗೆ ಐದು ದಿನದ ಪರೀಕ್ಷೆಯನ್ನು ಕೊಟ್ಟ ಆ ವಿವೇಕ, ಮೆಕ್ಯಾನಿಕ್‌ಗೆ ತೋರಿಸಿಕೊಂಡು ಬರುತ್ತೇನೆಂದವನಿಗೆ ಅರ್ಧ ದಿನದ ವ್ಯವಧಾನವನ್ನೂ ಕೊಡದ ಇಂದಿನ ಅವಸರಕ್ಕಿಂತ ಮೇಲಿನದು.

ಆಧುನಿಕ ಕಾನೂನು ಈ ವಿಷಯದಲ್ಲಿ ಮಾರುವವನಿಗೆ ಹೆಚ್ಚು ಸಡಿಲು ಬಿಟ್ಟಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ, ಮಾತನಾಡಲೇಬೇಕಾದ ಕರ್ತವ್ಯವಿಲ್ಲದ ಕಡೆ ಬರಿಯ ಮೌನ ವಂಚನೆಯಾಗುವುದಿಲ್ಲ. ಕಾಯ್ದೆಯೇ ಕೊಡುವ ಉದಾಹರಣೆಯಲ್ಲಿ, ಕುದುರೆಗೆ ದೋಷವಿದೆಯೆಂದು ತಿಳಿದೂ ಒಡೆಯ ಅದನ್ನು ಹರಾಜಿನಲ್ಲಿ ಸುಮ್ಮನೆ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ವಯಸ್ಕಳಾದ ಅವನ ಸ್ವಂತ ಮಗಳಾಗಿದ್ದರೆ ಹೇಳುವ ಕರ್ತವ್ಯ ಹುಟ್ಟುತ್ತದೆ. ಮಗಳಿಗೆ ಹೇಳಬೇಕಾದದ್ದನ್ನು ಅಪರಿಚಿತನಿಗೆ ಏಕೆ ಹೇಳಬೇಕಾಗಿಲ್ಲ ಎಂಬ ಪ್ರಶ್ನೆಗೆ ಕಾನೂನು ಉತ್ತರ ಕೊಡುವುದಿಲ್ಲ. ಅದು ಧರ್ಮಚಿಂತನೆ ಎತ್ತಿಕೊಳ್ಳಬೇಕಾದ ಪ್ರಶ್ನೆ. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಇಬ್ಬರು ಸ್ಟೋಯಿಕ್ ತತ್ತ್ವಜ್ಞರು ಇದೇ ವಾದವನ್ನು ಹೂಡುತ್ತಾರೆ: ಹೇಳದಿರುವುದು ಬೇರೆ, ಬಚ್ಚಿಡುವುದು ಬೇರೆ ಎಂದು ಡಯೋಜೆನಿಸ್ ವಾದಿಸಿದರೆ, ಮಾರುವವನಿಗೆ ತಿಳಿದಿರುವುದು ಯಾವುದೂ ಕೊಳ್ಳುವವನಿಗೆ ತಿಳಿಯದೆ ಉಳಿಯಬಾರದೆಂದು ಆಂಟಿಪೇಟರ್ ಹೇಳುತ್ತಾನೆ. ಸಿಸೆರೋ ಆಂಟಿಪೇಟರನ ಕಡೆಗೇ ವಾಲುತ್ತಾನೆ.

ಮೋಟಾರು ಸೈಕಲ್ಲಿನ ವಿಷಯದಲ್ಲಂತೂ ಡಯೋಜೆನಿಸನ ವಾದ ನಿಲ್ಲುವುದೇ ಇಲ್ಲ. ಧಾನ್ಯದಂಥ ಸರಕಿನ ಬೆಲೆಯನ್ನು ಮುಚ್ಚಿಟ್ಟರೆ ನಷ್ಟ ಕೊಂಡವನಿಗೆ ಮಾತ್ರ. ಬೈಕಿನ ದೋಷ ಹಾಗಲ್ಲ. ಅದು ಆ ಚೌಕಾಶಿಯಲ್ಲಿ ಭಾಗಿಯೇ ಅಲ್ಲದವರ ಮೇಲೆ, ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟು ಕುಳಿತ ತಾಯಿಯ ಮೇಲೆ, ರಸ್ತೆ ದಾಟುತ್ತಿರುವ ಮುದುಕನ ಮೇಲೆ ಬಂದು ಬೀಳುತ್ತದೆ. ತಣ್ಣಗಿದ್ದಾಗ ಚಾಲೂ ಆಗದ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಕಾಯಿಸಿಡುವುದು, ಬಿದ್ದು ಬಾಗಿದ ಫೋರ್ಕನ್ನು ತಟ್ಟಿ ನೇರಮಾಡಿ ಬಣ್ಣ ಬಳಿಯುವುದು, ಸವೆದ ಬ್ರೇಕ್ ಶೂ ಬದಲಿಸದೆ ಕೇಬಲ್ಲನ್ನಷ್ಟೇ ಬಿಗಿದು ಪೆಡಲು ಗಟ್ಟಿಯೆನಿಸುವಂತೆ ಮಾಡುವುದು, ಇವು ಮೌನವಲ್ಲ. ಕೈಯಿಂದ ಆಡಿದ ಸುಳ್ಳುಗಳು. ಬೆಲೆ ಸುಲಿಯುವುದಕ್ಕಿಂತ ಜೀವಕ್ಕೆ ಅಪಾಯ ತರುವುದು ಬೇರೆಯದೇ ತೂಕದ ತಪ್ಪು. ಆದ್ದರಿಂದ ಬ್ರೇಕು, ಟೈರು, ಫೋರ್ಕುಗಳ ದೋಷವನ್ನು ಕೇಳದಿದ್ದರೂ ಹೇಳಲೇಬೇಕು. ಸೀಟಿನ ಹರಿದ ಕವರನ್ನು ಕೊಳ್ಳುವವನ ಕಣ್ಣಿಗೇ ಬಿಡಬಹುದು.

ಈ ಪ್ರದೇಶದ ಧರ್ಮಪರಂಪರೆಗಳು ಈ ಮಾತನ್ನು ತಮ್ಮದೇ ದಾರಿಯಲ್ಲಿ ಹೇಳಿವೆ. ಜೇವರ್ಗಿಯ ಷಣ್ಮುಖ ಶಿವಯೋಗಿಗಳವರೆಗೂ ಹರಿದುಬಂದ ವಚನ ಪರಂಪರೆಯಲ್ಲಿ ಕಾಯಕವೆಂದರೆ ಬರಿಯ ಉದ್ಯೋಗವಲ್ಲ. ಸತ್ಯಶುದ್ಧವಾದ ದುಡಿಮೆ, ಅದರ ಫಲ ದಾಸೋಹಕ್ಕೆ ಸಲ್ಲಲು ಯೋಗ್ಯವಾಗಿರಬೇಕಾದದ್ದು. ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯ ಸಲ್ಲಬೇಕಾದ ಬೆಲೆಗಿಂತ ಹೆಚ್ಚು ಬಂದ ಹಣವನ್ನು ಒಪ್ಪದೆ ತಿರಸ್ಕರಿಸಿದನೆಂಬ ಕಥನ ಶರಣರ ನಡುವೆ ಉಳಿದುಬಂದಿರುವುದು, ಮಾರಾಟವೇ ಸಾಧನೆಯ ಪರೀಕ್ಷೆಯ ಸ್ಥಳವಾಗಬಲ್ಲದೆಂಬ ನಂಬಿಕೆಯಿಂದ. ಲಾಡ್ಲೆ ಮಶಾಯಕ್ ದರ್ಗಾದ ಆಳಂದಕ್ಕೆ ಪರಿಚಿತವಾದ ಇಸ್ಲಾಮಿನ ವ್ಯವಹಾರಧರ್ಮದಲ್ಲಿ ದೋಷ ಕಂಡ ವಸ್ತುವನ್ನು ಮರಳಿಸುವ ಹಕ್ಕಿಗೆ ‘ಖಿಯಾರುಲ್ ಐಬ್’ ಎನ್ನುತ್ತಾರೆ. ಮಳೆಗೆ ನೆನೆದ ಕಾಳನ್ನು ರಾಶಿಯ ಒಳಗಿಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿಯವರು ತಡೆದು, ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿದ ಪ್ರಸಂಗ ಹದೀಸಿನಲ್ಲಿ ಪ್ರಸಿದ್ಧವಾಗಿದೆ.

ದೋಷವನ್ನು ಹೇಳಿದರೆ ಬೆಲೆ ಇಳಿಯುತ್ತದೆ, ಬಡವ ಮಾರುವವನಾದಾಗ ಅದು ಸಣ್ಣ ನಷ್ಟವಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಪರೀಕ್ಷಿಸಿ ಒಪ್ಪಿಕೊಂಡದ್ದನ್ನು ಕೊಂಡವನು ಮರಳಿಸುವಂತಿಲ್ಲವೆಂದು ನಾರದ ಸ್ಮೃತಿ ಹೇಳುವುದರಿಂದ, ತೋರಿಸಿ ಮಾರಿದವನು ನಿಶ್ಚಿಂತನಾಗುತ್ತಾನೆ. ಸತ್ಯ ಇಲ್ಲಿ ಕೊಳ್ಳುವವನಷ್ಟೇ ಮಾರುವವನನ್ನೂ ಕಾಯುತ್ತದೆ. ಹೆಸರಿನ ವಿಷಯವೂ ಹೀಗೆಯೇ. 1988ರ ಮೋಟಾರು ವಾಹನ ಕಾಯ್ದೆಯ ದೃಷ್ಟಿಯಲ್ಲಿ ನೋಂದಣಿಯಲ್ಲಿ ಹೆಸರಿರುವವನೇ ಒಡೆಯ. ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾದರೂ ಹೆಸರು ಬದಲಾಗದೆ ಉಳಿದಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ, ಪರಿಹಾರದ ಹೊಣೆ ನೋಂದಾಯಿತ ಮೊದಲ ಒಡೆಯನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿತು. ಗಾಯಗೊಂಡವನು ಯಾರು ಯಾರಿಗೆ ಮಾರಿದರೆಂಬ ಸರಪಳಿಯನ್ನು ಹುಡುಕುತ್ತ ಅಲೆಯಬಾರದೆಂಬುದು ಅದರ ಹಿಂದಿನ ಕಾಳಜಿ. ನ್ಯಾಯವಾಗಿಯೂ ಅದು ಸರಿ. ಸಹಿ ಹಾಕಿದ ಖಾಲಿ ಫಾರಮ್ಮು ಕೊಟ್ಟು ಕೈತೊಳೆದುಕೊಳ್ಳುವವನು ತನ್ನ ಹೆಸರನ್ನು ಅಪರಿಚಿತರ ಕೈಗೆ ಒಪ್ಪಿಸಿ ಹೋಗುತ್ತಾನೆ.

ಆದ್ದರಿಂದ ಮಾರಿದವನು ರಾಜ್ಯದೊಳಗಿನ ಮಾರಾಟವನ್ನು ಫಾರಂ 29ರ ಮೂಲಕ 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವನು 30 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಾಲದಲ್ಲಿ ಕೊಂಡ ಗಾಡಿಯಾದರೆ ಸಾಲ ತೀರಿದ್ದಕ್ಕೆ ಫಾರಂ 35 ಬೇಕು. ಆಳಂದದಿಂದಲೋ ಅಫಜಲಪುರದಿಂದಲೋ ಗಡಿಯಾಚೆಯ ಅಕ್ಕಲಕೋಟೆಯವನಿಗೆ ಕೊಡುವುದಾದರೆ ಕಲಬುರಗಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಸ್ಮೃತಿಕಾರರು ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು, ತಂದೆಯ ಹೆಸರು, ಸಾಕ್ಷಿಗಳು ಇರಬೇಕೆಂದು ವಿಧಿಸಿದಂತೆಯೇ, ಮಾರಾಟದ ಚೀಟಿಯಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆ, ಬೆಲೆ, ಗೊತ್ತಿದ್ದ ದೋಷಗಳು, ಗಾಡಿ ಒಪ್ಪಿಸಿದ ದಿನಾಂಕ ಮತ್ತು ಗಂಟೆ, ಇಬ್ಬರ ಹಾಗೂ ಸಾಕ್ಷಿಗಳ ಸಹಿ ಇರಬೇಕು. ಅದಕ್ಕೆ ಹಗಲಿನಲ್ಲಿ, ಜನರ ಎದುರಿಗೆ, ಹಣ ಖಾತೆಗೆ ಬಂದದ್ದನ್ನು ಮೊಬೈಲಿನ ಚಿತ್ರದಲ್ಲಲ್ಲದೆ ಬ್ಯಾಂಕಿನ ಲೆಕ್ಕದಲ್ಲಿ ನೋಡಿಕೊಂಡು, ಸವೆದ ಬ್ರೇಕ್ ಶೂವಿನ ಮಾತನ್ನು ಕೊಂಡವನೆದುರಿಗೇ ಬರೆದು ಸಹಿ ಹಾಕಬೇಕು.