ಹಳೆಯದು ಎಂಬ ತೀರ್ಪು

ಗುಜರಾತಿಗೆ ಬಂದ ಹೊಸತರಲ್ಲಿ ಕನ್ನಡದ ಕಿವಿಯನ್ನು ಏಮಾರಿಸುವ ಪದ ‘ಭಂಗಾರ್’. ಸೂರತ್‌ನ ಅಡಾಜಣ್‌ನಲ್ಲಿ, ನಮ್ಮ ಸೊಸೈಟಿಯ ಕೆಳಗೆ ಕೈಗಾಡಿಯವನು ಹಾಗೆ ಕೂಗುತ್ತ ಹೋದರೆ ಬಂಗಾರ ಮಾರುತ್ತಿದ್ದಾನೆ ಅನ್ನಿಸುತ್ತದೆ. ಅವನು ಕೊಳ್ಳುವುದು ಗುಜರಿ. ಒಂದು ವಸ್ತು ಬಂಗಾರದಿಂದ ಭಂಗಾರಕ್ಕೆ ಇಳಿಯುವುದು ಯಾವ ದಿನ, ಆ ದಿನ ಗೊತ್ತುಮಾಡುವವರು ಯಾರು? ಈ ಪ್ರಶ್ನೆ ನನಗೆ ವೃತ್ತಿಯಿಂದಲೇ ಬಂದದ್ದು. ತಂತ್ರಾಂಶಗಳಿಗೆ ‘ಬೆಂಬಲ ಮುಕ್ತಾಯ’ದ ತಾರೀಖು ಬರೆಯುವುದು ಪ್ರಾಜೆಕ್ಟ್ ಮ್ಯಾನೇಜರನ ಕೆಲಸಗಳಲ್ಲೊಂದು. ಆ ತಾರೀಖಿನಂದು ಏನೂ ಸತ್ತಿರುವುದಿಲ್ಲ. ಬಜೆಟ್ ಮುಗಿದಿರುತ್ತದೆ, ಅಷ್ಟೆ.

ನಮ್ಮ ಮನೆಯ ಕಂಪ್ಯೂಟರ್ 2014ರದು. ನಾಲ್ಕನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, 2 ಜಿಬಿಯ ರೇಡಿಯಾನ್ ಆರ್7 260ಎಕ್ಸ್ ಗ್ರಾಫಿಕ್ಸ್ ಕಾರ್ಡ್. ಈ ಪೀಳಿಗೆಯ ಕಾರ್ಡುಗಳಿಗೆ ಎಎಂಡಿ ಹೊಸ ವಿಂಡೋಸ್ ಡ್ರೈವರ್ ನಿಯಮಿತವಾಗಿ ಕೊಡುವುದನ್ನು 2021ರ ಜೂನ್‌ನಲ್ಲಿ ನಿಲ್ಲಿಸಿತು. ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಾಗದದ ಮೇಲೆ ಎರಡು ಸಲ ಸತ್ತ ಯಂತ್ರ.

ಲಿನಕ್ಸ್ ಹಾಕಿದ ಮೇಲೂ ಆಟಗಳು ಮೊದಲು ಕುಂಟಿದವು. ಈ ಕಾರ್ಡಿಗೆ ತಾನಾಗಿ ಬಂದು ಕೂತದ್ದು ‘ರೇಡಿಯಾನ್’ ಎಂಬ ಹಳೆಯ ಡ್ರೈವರ್; ಅದರಲ್ಲಿ ವಲ್ಕನ್ ಇಲ್ಲ. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸಲು ವಾಲ್ವ್ ಕಂಪನಿ 2018ರಲ್ಲಿ ಹೊರತಂದ ಪ್ರೋಟಾನ್‌ಗೆ ವಲ್ಕನ್ ಬೇಕು. ಬೂಟ್ ಆಗುವಾಗ ಕರ್ನಲ್‌ಗೆ ಒಂದು ಸಾಲಿನ ಸೂಚನೆ ಕೊಟ್ಟು ‘ಎಎಂಡಿಜಿಪಿಯು’ ಡ್ರೈವರಿಗೆ ಬದಲಾಯಿಸಿದೆ. ಪ್ರೊಸೆಸರಿನ ಮೇಲೆ ಒಣಗಿ ಪುಡಿಯಾಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಸೂರತ್‌ನ ಮೇ ತಿಂಗಳಿನಲ್ಲಿ ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದನ್ನೇ ನಾವು ಮುದಿತನ ಅನ್ನುತ್ತೇವೆ. ಮೆಮೊರಿ ಸಾಲದಾಗ ಅದರಲ್ಲಿರುವುದನ್ನೇ ಒತ್ತಿ ಚಿಕ್ಕದಾಗಿಸುವ ಜಡ್‌ರ‍್ಯಾಮ್ ಹಾಕಿದೆ. ಚಿತ್ರದ ನಯ ಒಂದು ಮೆಟ್ಟಿಲು ಇಳಿಸಿ, ಫ್ರೇಮುಗಳನ್ನು 30ಕ್ಕೆ ಕಟ್ಟಿಹಾಕಿದೆ. 20ಕ್ಕೂ 60ಕ್ಕೂ ಜಿಗಿದಾಡುವ ಆಟಕ್ಕಿಂತ 30ರಲ್ಲಿ ಒಂದೇ ಸಮ ಓಡುವ ಆಟ ಕಣ್ಣಿಗೆ ಹಿತ. ಸ್ಕೈರಿಮ್ ಈಗ ತಡವರಿಸದೆ ನಡೆಯುತ್ತದೆ.

ನಮ್ಮೂರಿಗೆ ಕಲಾಯಿ ಹಾಕುವವನು ಬರುತ್ತಿದ್ದ. ತಾಮ್ರದ ಹಂಡೆ ಹಾಳಾಯಿತೆಂದು ಯಾರೂ ಅನ್ನುತ್ತಿರಲಿಲ್ಲ, ಕಲಾಯಿ ಹೋಗಿದೆ ಅನ್ನುತ್ತಿದ್ದರು. ಈ ಕಾರ್ಡಿನ ಮಟ್ಟಿಗೆ ಡ್ರೈವರೇ ಕಲಾಯಿ. ಈಗ ಅದನ್ನು ನಡೆಸುತ್ತಿರುವ ವಲ್ಕನ್ ಡ್ರೈವರ್ ‘ರಾಡ್‌ವಿ’ಯನ್ನು 2016ರಲ್ಲಿ ಆರಂಭಿಸಿದವರು ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್‌ಹಾಯ್ಜೆನ್, ಇಬ್ಬರೂ ಎಎಂಡಿಯವರಲ್ಲ. ನನ್ನ ಕಾರ್ಡಿನಿಂದ ಅವರಿಗೆ ಒಂದು ಪೈಸೆಯೂ ಬಂದಿಲ್ಲ.

ಹಾಗಾದರೆ ಮುಪ್ಪು ಎರಡು ಬಗೆಯದು. ಕೈಲಾಗದ ಮುಪ್ಪು ಒಂದು. 2 ಜಿಬಿಯಲ್ಲಿ ಹಿಡಿಸದ ಆಟ ಹಿಡಿಸುವುದಿಲ್ಲ, ಅದರ ಜೊತೆ ಜಗಳವಿಲ್ಲ. ಇನ್ನೊಂದು ಪ್ರವೇಶವಿಲ್ಲದ ಮುಪ್ಪು. ಅದು ಯಾರೋ ಕೊಟ್ಟ ತೀರ್ಪು, ಪ್ರಶ್ನಿಸಬಹುದು. ಪರಿಸರದ ಹೆಸರನ್ನು ಮಾತ್ರ ನಾನು ಎತ್ತುವುದಿಲ್ಲ. ಇದು 115 ವಾಟ್‌ನ ಕಾರ್ಡ್. ಅಷ್ಟೇ ಕರೆಂಟಿನಲ್ಲಿ ಹೊಸದು ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ.

ನನ್ನ ತರ್ಕಕ್ಕೆ ಅಡ್ಡ ನಿಂತವನು ಒಂಬತ್ತನೇ ತರಗತಿಯ ಮಗ. ಅವನ ಗೆಳೆಯರೆಲ್ಲ ಸಂಜೆ ಕೂಡಿ ಆಡುವ ಆಟ ಲಿನಕ್ಸ್‌ನಲ್ಲಿ ತೆರೆಯುವುದೇ ಇಲ್ಲ. ಯಂತ್ರಕ್ಕೆ ಶಕ್ತಿ ಸಾಲದೆಂದಲ್ಲ, ಮೋಸ ತಡೆಯುವ ಅದರ ಕಾವಲು ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಯದನ್ನು ನಂಬುವುದಿಲ್ಲ. ನಾನು ಹೇಳುವ ಎರಡನೇ ಬಗೆಯ ಮುಪ್ಪಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದನ್ನೇ ಅವನಿಗೆ ವಿವರಿಸಿದೆ. ಪೂರ್ತಿ ಕೇಳಿ, “ಸರಿ ಅಪ್ಪ, ತತ್ವ ನಿಂದು. ಆದ್ರೆ ಸಂಜೆ ಒಬ್ಬನೇ ಕೂರೋನು ನಾನು” ಅಂದ.

ಇದಕ್ಕೆ ಕರ್ನಲ್‌ನಲ್ಲಿ ಸಾಲು ಇಲ್ಲ. ಹೊಸದು ಕೊಳ್ಳಲು ಹಣವಿಲ್ಲದ ಮನೆಯಾಗಿದ್ದರೆ ಇದು ಪ್ರಶ್ನೆಯೇ ಆಗುತ್ತಿರಲಿಲ್ಲ, ಬದುಕು ಅಷ್ಟೇ ಆಗಿರುತ್ತಿತ್ತು. ಇರುವಾಗ ಬೇಡವೆನ್ನುವುದು ಮಿತವ್ಯಯ ನಿಜ, ಆದರೆ ಅದರ ಬೆಲೆ ತೆರುವವನು ನಾನಲ್ಲ. ತೀರ್ಪು ಕೊಡುವವರು ಯಾರೆಂದು ಕಂಪನಿಗಳನ್ನು ಕೇಳುವ ನಾನು ಮನೆಯೊಳಗೆ ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ದೀಪಾವಳಿಯ ಹೊತ್ತಿಗೆ ನೀನೇ ನಿರ್ಧರಿಸು ಎಂದಿದ್ದೇನೆ. ಅವನು ಬೆಲೆಗಳನ್ನು ನೋಡತೊಡಗಿದ್ದಾನೆ. ಹೊಸದು ಬಂದರೂ ಹಳೆಯದು ತನ್ನ ಕೋಣೆಯಲ್ಲೇ ಇರಬೇಕಂತೆ, ಸ್ಕೈರಿಮ್‌ನ ಆಟ ಅರ್ಧಕ್ಕೆ ನಿಂತಿದೆಯಂತೆ.