ಭಯವಿಲ್ಲದವನು ಧೀರನೇ?

'ಧೈರ್ಯಂ ಸರ್ವತ್ರ ಸಾಧನಂ' ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಲ್ಲೇ ಕಲಿತಿದ್ದೇವೆ. ಹೆದ್ದಾರಿಗೆ ಬಂದರೆ ಲಾರಿಗಳ ಹಿಂಬದಿಯಲ್ಲಿ 'ಅತಿ ವೇಗ ತಿಥಿ ಬೇಗ' ಎಂಬ ಎಚ್ಚರಿಕೆ ಕಣ್ಣಿಗೆ ಬೀಳುತ್ತದೆ. ಒಂದು ಮಾತು ಮುನ್ನುಗ್ಗು ಎನ್ನುತ್ತದೆ. ಇನ್ನೊಂದು ತಾಳು ಎನ್ನುತ್ತದೆ. ಹಾಗಾದರೆ ಧೈರ್ಯವೆಂದರೇನು? ಭಯವೇ ಇಲ್ಲದಿರುವುದು ಧೈರ್ಯವೇ? ಭಯಪಡುವವನೆಲ್ಲ ಪುಕ್ಕಲನೇ? ಈ ಪ್ರಶ್ನೆ ಕೇವಲ ಪಂಡಿತರದ್ದಲ್ಲ. ಹದಿಹರೆಯದ ಮಗನ ಕೈಗೆ ಬೈಕಿನ ಕೀಲಿ ಕೊಡುವ ಪ್ರತಿಯೊಬ್ಬ ತಂದೆಯ, ಅವನು ಮನೆಗೆ ಮರಳುವವರೆಗೆ ಬಾಗಿಲ ಕಡೆ ನೋಡುತ್ತಾ ಕೂರುವ ಪ್ರತಿಯೊಬ್ಬ ತಾಯಿಯ ಪ್ರಶ್ನೆ ಇದು. ವೇಗವನ್ನೇ ವೃತ್ತಿಯನ್ನಾಗಿ ಮಾಡಿಕೊಂಡ ಒಬ್ಬ ಮನುಷ್ಯನ ಬದುಕಿನ ಬೆಳಕಿನಲ್ಲಿ ಇದನ್ನು ಪರಿಶೀಲಿಸೋಣ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 'ಸ್ಟಾಕ್ ಕಾರ್' ಪಂದ್ಯ ಅತ್ಯಂತ ಜನಪ್ರಿಯವಾದ ಕ್ರೀಡೆ. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಸಾಮಾನ್ಯ ಕಾರುಗಳನ್ನೇ ಓಡಿಸುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಮದ್ಯನಿಷೇಧದ ಕಾಲದಲ್ಲಿ ಪೊಲೀಸರ ಕಣ್ತಪ್ಪಿಸಿ ಕಳ್ಳಭಟ್ಟಿ ಸಾಗಿಸುತ್ತಿದ್ದ ಚಾಲಕರಿಂದ ಈ ಆಟಕ್ಕೆ ಹುರುಪು ಬಂದಿತೆಂದು ಚರಿತ್ರೆ ಹೇಳುತ್ತದೆ. 1948ರಲ್ಲಿ ನ್ಯಾಸ್ಕಾರ್ ಎಂಬ ಸಂಸ್ಥೆ ಸ್ಥಾಪನೆಯಾಗಿ ಪಂದ್ಯಗಳಿಗೆ ಒಂದು ಶಿಸ್ತು ಬಂತು. ಫ್ಲಾರಿಡಾದ ಡೇಟೋನಾದಲ್ಲಿ 1959ರಲ್ಲಿ ತೆರೆದ ಪಥ ಇದರ ಮಹಾಕ್ಷೇತ್ರ. ಸುಮಾರು ನಾಲ್ಕು ಕಿಲೋಮೀಟರ್ ಸುತ್ತಳತೆಯ ಆ ಪಥದಲ್ಲಿ ಕಾರುಗಳು ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ, ಒಂದರ ಬೆನ್ನಿಗೆ ಒಂದು ಅಂಟಿಕೊಂಡಂತೆ, 200 ಸುತ್ತು ಓಡುತ್ತವೆ.

ಈ ಕ್ರೀಡೆಯ ಮಹಾರಥಿಗಳಲ್ಲಿ ಒಬ್ಬರು ಡೇಲ್ ಅರ್ನ್‌ಹಾರ್ಟ್. ಉತ್ತರ ಕೆರೊಲಿನಾದ ಕನ್ನಾಪೊಲಿಸ್ ಎಂಬ ಬಟ್ಟೆ ಗಿರಣಿಯ ಊರಿನಲ್ಲಿ 1951ರಲ್ಲಿ ಹುಟ್ಟಿದರು. ತಂದೆ ರಾಲ್ಫ್ ಗಿರಣಿಯ ಕೆಲಸ ಬಿಟ್ಟು ಮಣ್ಣಿನ ಪಥಗಳಲ್ಲಿ ಕಾರು ಓಡಿಸಿ ಸಂಸಾರ ಸಾಕಿದವರು. ಅವರು 1973ರಲ್ಲಿ, 45ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಮಗ, ಸಾಲ ಮಾಡಿ ಬಿಡಿಭಾಗ ಕೊಂಡು, ತಂದೆಯ ಹಾದಿಯನ್ನೇ ಹಿಡಿದರು. 1975ರಲ್ಲಿ ಉನ್ನತ ಶ್ರೇಣಿಯ ಮೊದಲ ಪಂದ್ಯ. 1980ರಲ್ಲಿ ಮೊದಲ ವಾರ್ಷಿಕ ಪ್ರಶಸ್ತಿ. 1994ರ ಹೊತ್ತಿಗೆ ಏಳು ಬಾರಿ ಚಾಂಪಿಯನ್; ಜೀವಮಾನದಲ್ಲಿ 76 ವಿಜಯಗಳು. 3ನೇ ಸಂಖ್ಯೆಯ ಅವರ ಕಪ್ಪು ಕಾರು ಕನ್ನಡಿಯಲ್ಲಿ ಕಂಡರೆ ಮುಂದಿದ್ದವರ ಎದೆ ನಡುಗುತ್ತಿತ್ತು. 'ಬೆದರಿಸುವವ' ಎಂಬುದೇ ಅವರ ಬಿರುದಾಯಿತು.

ಭಯವೆಂಬುದನ್ನು ಅವರು ಅರಿತಿದ್ದಂತೆ ತೋರುತ್ತಿರಲಿಲ್ಲ. 1996ರಲ್ಲಿ ಟ್ಯಾಲಡೇಗಾ ಪಥದಲ್ಲಿ ನಡೆದ ಭೀಕರ ಅಪಘಾತದಲ್ಲಿ ಎದೆಯ ಮೂಳೆ, ಕುತ್ತಿಗೆಯ ಪಕ್ಕದ ಮೂಳೆ ಮುರಿದವು. ಎರಡೇ ವಾರಗಳಲ್ಲಿ ಮತ್ತೊಂದು ಪಥದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಮೊದಲ ಸ್ಥಾನದಿಂದ ಪಂದ್ಯ ಆರಂಭಿಸಿದರು. 1997ರ ಡೇಟೋನಾ ಪಂದ್ಯದಲ್ಲಿ ಅವರ ಕಾರು ಮಗುಚಿ ಬಿತ್ತು. ಆಂಬುಲೆನ್ಸ್ ಹತ್ತಿದವರು ತಿರುಗಿ ನೋಡಿದಾಗ ಕಾರಿನ ನಾಲ್ಕು ಚಕ್ರಗಳೂ ಸರಿಯಾಗಿಯೇ ಇದ್ದವು. ಕೂಡಲೇ ಇಳಿದು ಬಂದು, ನಜ್ಜುಗುಜ್ಜಾದ ಅದೇ ಕಾರನ್ನು ಓಡಿಸಿ ಪಂದ್ಯ ಮುಗಿಸಿದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಆದರೂ ಅವರನ್ನು ಕಲ್ಲೆದೆಯ ಮನುಷ್ಯ ಎನ್ನಲಾಗದು. ಡೇಟೋನಾ ಮಹಾಪಂದ್ಯದ ಗೆಲುವು ಹತ್ತೊಂಬತ್ತು ಪ್ರಯತ್ನಗಳಲ್ಲಿ ಅವರ ಕೈತಪ್ಪಿತ್ತು. 1998ರಲ್ಲಿ, ಗಾಲಿಕುರ್ಚಿಯಲ್ಲಿ ಬಂದ ಆರು ವರ್ಷದ ಬಾಲಕಿಯೊಬ್ಬಳು, ಗೆಲುವು ತರಲಿ ಎಂದು ಒಂದು ಪೆನ್ನಿ ನಾಣ್ಯವನ್ನು ಅವರ ಕೈಗಿತ್ತಳು. ಅವರು ಅದನ್ನು ಕಾರಿನೊಳಗೆ ಸ್ಟಿಯರಿಂಗ್‌ನ ಮುಂದೆಯೇ ಅಂಟಿಸಿಕೊಂಡರು. ಇಪ್ಪತ್ತನೆಯ ಪ್ರಯತ್ನದಲ್ಲಿ ಗೆದ್ದಾಗ ಎದುರಾಳಿ ತಂಡಗಳವರೆಲ್ಲ ಸಾಲಾಗಿ ನಿಂತು ಅವರ ಕೈ ಕುಲುಕಿದರು. ಇನ್ನೊಂದು ಸಂಗತಿಯೂ ಉಂಟು. ಸಹಚಾಲಕ ಡ್ಯಾರೆಲ್ ವಾಲ್ಟ್ರಿಪ್ ಅವರ ಪತ್ನಿ ಪಂದ್ಯದ ದಿನ ಪವಿತ್ರ ಗ್ರಂಥದ ಒಂದು ವಚನವನ್ನು ಚೀಟಿಯಲ್ಲಿ ಬರೆದು ಗಂಡನ ಕಾರಿನಲ್ಲಿ ಅಂಟಿಸುತ್ತಿದ್ದರು. ಅದನ್ನು ಕಂಡ ಅರ್ನ್‌ಹಾರ್ಟ್ ತನಗೂ ಒಂದು ಬೇಕೆಂದು ಕೇಳಿ ಪಡೆದರು. ಅಂದಿನಿಂದ ಅದು ವಾಡಿಕೆಯಾಯಿತು.

2001ರ ಫೆಬ್ರವರಿ 18ರಂದು ಅವರ ಕಾರಿನಲ್ಲಿದ್ದುದು ಜ್ಞಾನೋಕ್ತಿಗಳ ಗ್ರಂಥದ 18ನೇ ಅಧ್ಯಾಯದ 10ನೇ ವಚನ. ದೇವರ ನಾಮವೇ ನೀತಿವಂತರಿಗೆ ಆಶ್ರಯದುರ್ಗವೆಂದು ಸಾರುವ ವಚನ. ಡೇಟೋನಾದ ಕೊನೆಯ ಸುತ್ತು. ಮುಂದಿದ್ದ ಎರಡು ಕಾರುಗಳೂ ಅರ್ನ್‌ಹಾರ್ಟರ ಸ್ವಂತ ತಂಡದವು. ಮೊದಲನೆಯದರಲ್ಲಿ ಮಿತ್ರ ಮೈಕೆಲ್ ವಾಲ್ಟ್ರಿಪ್. 462 ಪಂದ್ಯಗಳಲ್ಲಿ ಒಮ್ಮೆಯೂ ಗೆದ್ದಿರದ ಮನುಷ್ಯ. ಎರಡನೆಯದರಲ್ಲಿ ಮಗ, ಕಿರಿಯ ಡೇಲ್. ಮೂರನೆಯವರಾಗಿ ಹಿಂದಿನ ಕಾರುಗಳನ್ನು ತಡೆಯುತ್ತಾ ಬರುತ್ತಿದ್ದವರು ತಂದೆ. ಕೊನೆಯ ತಿರುವಿನಲ್ಲಿ ಅವರ ಕಾರು ಗೋಡೆಗೆ ಅಪ್ಪಳಿಸಿತು. ಮಿತ್ರ ಗೆದ್ದರು, ಮಗ ಎರಡನೆಯವರಾದರು, ತಂದೆ ಇಲ್ಲವಾದರು. ತಲೆಬುರುಡೆಯ ತಳಭಾಗ ಮುರಿದಿತ್ತು. ವಯಸ್ಸು 49.

ಇಲ್ಲಿಂದ ನಮ್ಮ ನೈತಿಕ ಪ್ರಶ್ನೆ ಆರಂಭವಾಗುತ್ತದೆ. ಇಂಥ ಗಾಯವನ್ನು ತಡೆಯುವ ಸಾಧನವೊಂದು ಆಗಲೇ ಇತ್ತು. ರಾಬರ್ಟ್ ಹಬ್ಬರ್ಡ್ ಎಂಬ ವಿಜ್ಞಾನಿ ಮತ್ತು ಜಿಮ್ ಡೌನಿಂಗ್ ಎಂಬ ಚಾಲಕ, ಇಬ್ಬರೂ ಭಾವಮೈದುನರು, ಮಿತ್ರನೊಬ್ಬನ ಮರಣದಿಂದ ನೊಂದು 1980ರ ದಶಕದಲ್ಲಿ ಅದನ್ನು ರೂಪಿಸಿದ್ದರು. ಹೆಗಲ ಮೇಲೆ ಕೂರುವ ಗಟ್ಟಿಯಾದ ಕೊರಳಪಟ್ಟಿ ಅದು. ಹೆಲ್ಮೆಟ್ಟನ್ನು ಅದಕ್ಕೆ ಬಿಗಿಯುತ್ತಾರೆ. ಕಾರು ಥಟ್ಟನೆ ನಿಂತಾಗ ತಲೆ ಮುಂದಕ್ಕೆ ಸಿಡಿಯದಂತೆ ಅದು ತಡೆಯುತ್ತದೆ. 'ಹ್ಯಾನ್ಸ್' ಎಂದು ಅದರ ಹೆಸರು. 2000ದಲ್ಲಿ ಆಡಮ್ ಪೆಟ್ಟಿ ಎಂಬ 19 ವರ್ಷದ ಯುವಕ ಮತ್ತು ಇನ್ನಿಬ್ಬರು ಚಾಲಕರು ಪಥಗಳಲ್ಲಿ ಮೃತಪಟ್ಟಿದ್ದರು. ಆದರೂ ಅಂದು ಡೇಟೋನಾದಲ್ಲಿ ಹ್ಯಾನ್ಸ್ ಧರಿಸಿದ್ದವರು ಕೆಲವೇ ಮಂದಿ. ಅದು ತೊಡಕೆಂದು ಹಲವರು ದೂರುತ್ತಿದ್ದರು. ಅರ್ನ್‌ಹಾರ್ಟ್ ಅದನ್ನು ನಿರಾಕರಿಸಿದ್ದರು. ಮುಖ ಮುಚ್ಚುವ ಹೆಲ್ಮೆಟ್ಟನ್ನು ಸಹ ಅವರು ಧರಿಸುತ್ತಿರಲಿಲ್ಲ.

ಸತ್ತವರ ಮೇಲೆ ತೀರ್ಪು ನೀಡುವುದು ನಮ್ಮ ಕೆಲಸವಲ್ಲ. ಡಿಕ್ಕಿಯ ಕೋನ, ತುಂಡಾದ ಸೀಟು ಪಟ್ಟಿ ಮೊದಲಾದ ಹಲವು ಕಾರಣಗಳು ಕೂಡಿ ಬಂದವೆಂದು 2001ರ ಆಗಸ್ಟಿನಲ್ಲಿ ಹೊರಬಂದ ತನಿಖಾ ವರದಿ ತಿಳಿಸಿತು. ಚಾಲಕನೊಬ್ಬನ ಮೇಲೆ ಮಾತ್ರ ಹೊಣೆ ಹೊರಿಸುವುದೂ ನ್ಯಾಯವಲ್ಲ. ಸಾಧನ ಕಣ್ಣ ಮುಂದಿದ್ದರೂ ಸಂಸ್ಥೆ ಅದನ್ನು ಕಡ್ಡಾಯಗೊಳಿಸಿದ್ದು ಆ ವರ್ಷದ ಅಕ್ಟೋಬರಿನಲ್ಲಿ, ಮತ್ತೊಬ್ಬ ಯುವ ಚಾಲಕ ಬೇರೊಂದು ಪಂದ್ಯದಲ್ಲಿ ಸತ್ತ ಮೇಲೆ. ಮಾಡಬಾರದ್ದನ್ನು ಮಾಡುವುದು ಹೇಗೆ ಪಾಪವೋ, ಮಾಡಬೇಕಾದುದನ್ನು ಮಾಡದಿರುವುದೂ ಪಾಪವೇ. ಬಲಿಪೂಜೆಯ ಆರಂಭದಲ್ಲಿ ನಾವು ಎರಡಕ್ಕೂ ಕ್ಷಮೆ ಬೇಡುತ್ತೇವೆ.

ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಯೇ' ಗ್ರಂಥದಲ್ಲಿ ಧೈರ್ಯವೆಂಬ ಸದ್ಗುಣಕ್ಕೆ ವಿರುದ್ಧವಾದ ದೋಷಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಪುಕ್ಕಲುತನ ಇರುವುದು ಸಹಜ. ಆದರೆ ಅದರ ಮಗ್ಗುಲಲ್ಲೇ ಅವರು ನಿರ್ಭೀತಿಯನ್ನೂ ದೋಷವೆಂದು ಹೆಸರಿಸುತ್ತಾರೆ! ಭಯಪಡಬೇಕಾದ ಕಡೆ ಭಯಪಡದಿರುವುದಕ್ಕೆ ಅವರು ಕೊಡುವ ಕಾರಣಗಳು ಮೂರು: ಪ್ರೀತಿಯ ಕೊರತೆ, ಅಹಂಕಾರ, ಇಲ್ಲವೇ ಬುದ್ಧಿಮಾಂದ್ಯ. ಭಯವು ಪ್ರೀತಿಯಿಂದ ಹುಟ್ಟುತ್ತದೆ ಎಂಬುದು ಅವರ ವಾದದ ತಿರುಳು. ಯಾವುದನ್ನು ಪ್ರೀತಿಸುತ್ತೇವೋ ಅದನ್ನು ಕಳೆದುಕೊಳ್ಳಲು ಅಂಜುತ್ತೇವೆ. ಕಳೆದುಕೊಳ್ಳಲು ಅಂಜದವನು ತನ್ನ ಪ್ರಾಣವೆಂಬ ದೇವರ ವರವನ್ನು ಪ್ರೀತಿಸಬೇಕಾದಷ್ಟು ಪ್ರೀತಿಸುತ್ತಿಲ್ಲ. ನಾವು ಪ್ರಾಣದ ಒಡೆಯರಲ್ಲ, ಪಾರುಪತ್ಯಗಾರರು ಮಾತ್ರ. ಐದನೇ ದೈವಾಜ್ಞೆಯನ್ನು ವಿವರಿಸುತ್ತಾ, ವೇಗದ ಮೋಹದಿಂದ ತನ್ನ ಅಥವಾ ಪರರ ಪ್ರಾಣವನ್ನು ಅಪಾಯಕ್ಕೊಡ್ಡುವುದು ಗಂಭೀರ ಅಪರಾಧವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಬೋಧಿಸುವುದು ಇದೇ ಕಾರಣಕ್ಕೆ.

ಹಾಗಾದರೆ ಅಪಾಯವನ್ನು ಎದುರಿಸುವುದೇ ತಪ್ಪೇ? ಅಲ್ಲ. ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ಬಾಳಿ, ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ ಮಡಿದ ಸಂತ ದಾಮಿಯನರು ಅಪಾಯವನ್ನು ಅರಿತೇ ಅಪ್ಪಿದರು. ಮೀನುಗಾರನೂ ಗಣಿ ಕಾರ್ಮಿಕನೂ ತುತ್ತು ಅನ್ನಕ್ಕಾಗಿ ದಿನವೂ ಅಪಾಯವನ್ನು ಎದುರಿಸುತ್ತಾರೆ. ಗಿರಣಿ ಊರಿನ ಬಡ ಹುಡುಗನಿಗೆ ಪಂದ್ಯಪಥವೇ ಬದುಕಿನ ದಾರಿಯಾದುದನ್ನು ನಾವು ಹೀಗಳೆಯಲಾಗದು. ಅಪಾಯ ಇದೆಯೇ ಎಂಬುದಕ್ಕಿಂತ, ಅದನ್ನು ಯಾರಿಗಾಗಿ ಎದುರಿಸುತ್ತೇನೆ, ತಡೆಯಬಹುದಾದುದನ್ನು ತಡೆದಿದ್ದೇನೆಯೇ ಎಂಬುದೇ ಮುಖ್ಯ. ಕೊರಳಪಟ್ಟಿ ಧರಿಸಿದರೆ ಪಂದ್ಯದ ಸಾಹಸವೇನೂ ಕುಂದುವುದಿಲ್ಲ. ಕುಂದುವುದು ನಿರ್ಭೀತನೆಂಬ ಹೆಸರು ಮಾತ್ರ.

ಪ್ರಭು ಯೇಸುವನ್ನೇ ನೋಡೋಣ. ದೇವಾಲಯದ ಗೋಪುರದಿಂದ ಧುಮುಕು, ದೂತರು ಕಾಪಾಡುತ್ತಾರೆ ಎಂದು ಸೈತಾನನು ಶೋಧಿಸಿದಾಗ, ದೇವರನ್ನು ಪರೀಕ್ಷಿಸಲಾಗದೆಂದು ಅವರು ನಿರಾಕರಿಸಿದರು. ಸೈತಾನನು ಅಂದು ಬಾಯಲ್ಲಿ ಹೇಳಿದ್ದೂ ಕೀರ್ತನೆಗಳ ವಚನವನ್ನೇ ಎಂಬುದನ್ನು ಮರೆಯಬಾರದು. ಅದೇ ಯೇಸು ಗೆತ್ಸೆಮನಿಯಲ್ಲಿ ಕಳವಳಗೊಂಡರು, ನೆತ್ತರ ಹನಿಗಳಂತೆ ಬೆವರಿದರು, ಪಾತ್ರೆ ತನ್ನಿಂದ ತೊಲಗಲಿ ಎಂದು ಪ್ರಾರ್ಥಿಸಿದರು. ಭಯಪಟ್ಟ ಆ ದೇವಪುತ್ರನೇ ಮರುದಿನ ನಮಗಾಗಿ ಶಿಲುಬೆಯನ್ನು ಹೊತ್ತದ್ದು. ಧೈರ್ಯವು ಭಯದ ಅಭಾವವಲ್ಲ. ಭಯವನ್ನು ಪ್ರೀತಿಯ ಅಂಕೆಗೆ ತರುವುದು.

ಅರ್ನ್‌ಹಾರ್ಟ್ ಮನೆತನದ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಕಿರಿಯ ಡೇಲ್ ತಂದೆ ಮಡಿದ ಡೇಟೋನಾ ಪಥದಲ್ಲೇ ಆ ವರ್ಷದ ಜುಲೈನಲ್ಲಿ ಗೆದ್ದರು. ಸತತ 15 ವರ್ಷ ಅಭಿಮಾನಿಗಳು ಅವರನ್ನೇ ಅತ್ಯಂತ ಜನಪ್ರಿಯ ಚಾಲಕನೆಂದು ಆರಿಸಿದರು. ಆದರೆ ಡಿಕ್ಕಿಗಳ ಪೆಟ್ಟಿನಿಂದ ಅವರ ಮಿದುಳು ನೊಂದಿತ್ತು. ಬಹುಕಾಲ ಅದನ್ನು ಮುಚ್ಚಿಟ್ಟರು. ಹೇಳಿಕೊಂಡರೆ ಜನ ಏನೆಂದಾರು ಎಂಬ ಅಂಜಿಕೆ. 2012ರಲ್ಲಿ, ಪ್ರಶಸ್ತಿಯ ಸ್ಪರ್ಧೆಯಲ್ಲಿದ್ದಾಗಲೇ, ತಾವಾಗಿ ವೈದ್ಯರ ಬಳಿ ಹೋದರು. ಎರಡು ಪಂದ್ಯಗಳನ್ನು ಬಿಟ್ಟುಕೊಟ್ಟರು. 2016ರಲ್ಲಿ ವರ್ಷದ ಕೊನೆಯ 18 ಪಂದ್ಯಗಳಿಂದ ದೂರ ಉಳಿದರು. 2017ರ ಕೊನೆಯಲ್ಲಿ ಪೂರ್ಣಾವಧಿ ಪಂದ್ಯಗಳಿಗೆ ವಿದಾಯ ಹೇಳಿದರು. ತಮ್ಮ ನೋವನ್ನು ಪುಸ್ತಕವಾಗಿ ಬರೆದರು; ಮರಣಾನಂತರ ತಮ್ಮ ಮಿದುಳನ್ನು ಸಂಶೋಧನೆಗೆ ಕೊಡುವುದಾಗಿ ತಿಳಿಸಿದರು. ಮುರಿದ ಎದೆಮೂಳೆಯೊಂದಿಗೆ ಕಾರು ಓಡಿಸಿದ ತಂದೆ ದೊಡ್ಡವರೋ, ಲಕ್ಷಾಂತರ ಅಭಿಮಾನಿಗಳ ಎದುರು 'ನನಗೆ ಪೆಟ್ಟಾಗಿದೆ' ಎಂದು ಒಪ್ಪಿಕೊಂಡ ಮಗ ದೊಡ್ಡವರೋ? ಎರಡನೆಯದಕ್ಕೆ ಬೇಕಾದ ಎದೆಗಾರಿಕೆ ಕಡಿಮೆಯದೆಂದು ನನಗೆ ತೋರುವುದಿಲ್ಲ.

ತಂದೆಯ ಮರಣವೂ ವ್ಯರ್ಥವಾಗಲಿಲ್ಲ. ಕೊರಳಪಟ್ಟಿ ಕಡ್ಡಾಯವಾಯಿತು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಜ್ಞರು ರೂಪಿಸಿದ, ಪೆಟ್ಟನ್ನು ಹೀರಿಕೊಳ್ಳುವ ಉಕ್ಕಿನ ಗೋಡೆಗಳು 2002ರಿಂದ ಪಥಗಳಿಗೆ ಬಂದವು. ಆ ಬಳಿಕದ ಎರಡು ದಶಕಗಳಲ್ಲಿ ಆ ಉನ್ನತ ಶ್ರೇಣಿಯ ಪಂದ್ಯಗಳಲ್ಲಿ ಒಬ್ಬ ಚಾಲಕನೂ ಪ್ರಾಣ ಕಳೆದುಕೊಳ್ಳಲಿಲ್ಲ. 2020ರ ಫೆಬ್ರವರಿ 17ರಂದು ಅದೇ ಡೇಟೋನಾದ ಕೊನೆಯ ಸುತ್ತಿನಲ್ಲಿ ರಯಾನ್ ನ್ಯೂಮನ್ ಅವರ ಕಾರು ಗೋಡೆಗೆ ಬಡಿದು, ಗಾಳಿಗೆ ಹಾರಿ, ಮತ್ತೊಂದು ಕಾರಿನಿಂದ ಪೆಟ್ಟು ತಿಂದು, ತಲೆಕೆಳಗಾಗಿ ಬಿತ್ತು. ಎರಡು ದಿನಗಳ ನಂತರ ಅವರು ತಮ್ಮ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಕೈ ಹಿಡಿದು ಆಸ್ಪತ್ರೆಯಿಂದ ನಡೆದು ಹೊರಬಂದರು.

ಪ್ರಿಯ ವಾಚಕರೇ, ಪಂದ್ಯಪಥದಲ್ಲಿ ವೈದ್ಯರಿದ್ದಾರೆ, ಅಗ್ನಿಶಾಮಕರಿದ್ದಾರೆ, ಎಲ್ಲ ಕಾರುಗಳೂ ಒಂದೇ ದಿಕ್ಕಿಗೆ ಓಡುತ್ತವೆ. ನಮ್ಮ ರಸ್ತೆಗಳಲ್ಲಿ ಇವಾವುವೂ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,000ಕ್ಕೂ ಹೆಚ್ಚು. ಅವರಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಕ್ಕಿದವರು ದ್ವಿಚಕ್ರ ವಾಹನದವರು. ಹೊಸ ವಾಹನ ಕೊಂಡಾಗ ಗುಡಿಯಂಗಳಕ್ಕೆ ತಂದು ಗುರುಗಳಿಂದ ಆಶೀರ್ವಾದ ಪಡೆಯುವುದು ನಮ್ಮಲ್ಲಿ ಒಳ್ಳೆಯ ಪದ್ಧತಿ. ಆದರೆ ಜಪಮಾಲೆಯನ್ನು ವಾಹನಕ್ಕೆ ತೂಗುಹಾಕಿ, ಹೆಲ್ಮೆಟ್ಟನ್ನು ಮನೆಯ ಮೊಳೆಗೆ ತೂಗುಹಾಕಿ ಹೊರಟರೆ, ಅದು ವಿಶ್ವಾಸವೋ ಗೋಪುರದಿಂದ ಧುಮುಕುವುದೋ? ದೇವರ ನಾಮ ನಮಗೆ ಆಶ್ರಯದುರ್ಗವೇ ಸರಿ. ದುರ್ಗದ ಬಾಗಿಲನ್ನು ತೆರೆದಿಟ್ಟು ಮಲಗೆಂದು ದೇವರು ಹೇಳಲಿಲ್ಲ.

ದೈವಭಯದಲ್ಲಿ ಎರಡು ಬಗೆಯೆಂದು ದೈವಶಾಸ್ತ್ರ ಕಲಿಸುತ್ತದೆ. ದಂಡನೆಗೆ ಅಂಜುವುದು ದಾಸನ ಭಯ. ಪ್ರೀತಿಸುವವರನ್ನು ನೋಯಿಸಲು ಅಂಜುವುದು ಮಗನ ಭಯ. ಪೊಲೀಸರು ಕಂಡೊಡನೆ ಹೆಲ್ಮೆಟ್ ಧರಿಸಿ, ವೃತ್ತ ದಾಟಿದೊಡನೆ ತೆಗೆಯುವವನದು ದಾಸನ ಭಯ. ಮನೆಯಲ್ಲಿ ಕಾಯುತ್ತಿರುವ ತಾಯಿಯ ಮುಖ ನೆನೆದು ಅದನ್ನು ಬಿಗಿಯುವವನದು ಮಗನ ಭಯ. ನಮ್ಮ ಗಂಡುಮಕ್ಕಳಿಗೆ 'ಹೆದರಬೇಡ, ನೀನು ಗಂಡಸು' ಎಂದು ಹೇಳಿಕೊಟ್ಟದ್ದು ಸಾಕು. ಯಾವುದಕ್ಕೆ ಹೆದರಬೇಕು, ಯಾರಿಗಾಗಿ ಹೆದರಬೇಕು ಎಂಬುದನ್ನೂ ಹೇಳಿಕೊಡೋಣ. ಆ ಭಯವನ್ನು ಕಲಿತ ಮಗನೇ, ಕಾಲ ಬಂದಾಗ, ಪರರಿಗಾಗಿ ಪ್ರಾಣವನ್ನೇ ಒತ್ತೆಯಿಡುವ ಧೈರ್ಯವನ್ನೂ ತೋರಬಲ್ಲನು.