ದಿನದ ಚಿಂತನೆ: ಅಪ್ಪನ ನಾಣ್ಯ



ಬಾಬಾಸಾಹೇಬರ ಜನ್ಮಶತಮಾನೋತ್ಸವಕ್ಕೆ 1990ರಲ್ಲಿ ಬಂದ ಒಂದು ರೂಪಾಯಿ ನಾಣ್ಯವನ್ನು ಅಪ್ಪ ಸಿದ್ದಾಪುರದ ತೋಟದ ಲೈನ್ ಮನೆಯಲ್ಲಿ ಜೋಪಾನವಾಗಿಟ್ಟಿದ್ದರು. ಆನ್‌ಲೈನಿನಲ್ಲಿ ಅದಕ್ಕೆ ಲಕ್ಷ ರೂಪಾಯಿ ಬರೆದಿದ್ದು ಕಂಡು ನಾನೂ ಮಾರಲು ಹೊರಟೆ. ಹುಣಸೆಹಣ್ಣು ಹಾಕಿ ತಿಕ್ಕಿ, ಫೋಟೋ ತೆಗೆದು, ‘ಬಹಳ ಅಪರೂಪ’ ಎಂದು ಬರೆದೆ.

ಮಡಿಕೇರಿಯಲ್ಲಿ ನಾಣ್ಯ ಕೂಡಿಡುವವರೊಬ್ಬರು ನೋಡಿ ಹೇಳಿದರು: “ಅಸಲಿ ಹೌದು, ಅಪರೂಪ ಅಲ್ಲ. ಚಲಾವಣೆಗೆಂದೇ ಬೇಕಾದಷ್ಟು ಟಂಕಿಸಿದ್ದು. ತಿಕ್ಕಿದ್ದರಿಂದ ಇದ್ದ ಬೆಲೆಯೂ ಇಳಿಯಿತು. ಮಾರುವವರು ಬರೆದದ್ದು ಬೆಲೆಯಲ್ಲ, ಕೊಳ್ಳುವವರು ಕೊಟ್ಟದ್ದು ಬೆಲೆ.”

ಬುದ್ಧಘೋಷರು ‘ವಿಸುದ್ಧಿಮಗ್ಗ’ದಲ್ಲಿ ನಾಣ್ಯದ್ದೇ ಉಪಮೆ ಕೊಟ್ಟಿದ್ದಾರೆ. ಮಗು ಬಣ್ಣ, ಆಕಾರ ಮಾತ್ರ ಕಾಣುತ್ತದೆ, ಅದು ಸಞ್ಞಾ. ಹಳ್ಳಿಗನಿಗೆ ಅದು ಬೆಲೆಯುಳ್ಳದ್ದೆಂದೂ ಗೊತ್ತು, ಅದು ವಿಞ್ಞಾಣ. ಚಿನಿವಾರ ಸದ್ದು ಕೇಳಿ, ತೂಗಿ ನೋಡಿ ಅಸಲಿ ನಕಲಿ ಹೇಳುತ್ತಾನೆ, ಅದು ಪಞ್ಞಾ.

ನಾನು ಆ ಹಳ್ಳಿಗ. ತಿಳಿಯದೆ ಬರೆದದ್ದು ಬರೀ ತಪ್ಪು. ತಿಳಿದ ಮೇಲೂ ಹಾಗೇ ಬಿಟ್ಟರೆ ಮುಸಾವಾದ. ಅದರಲ್ಲೂ ಬಾಬಾಸಾಹೇಬರ ಮುಖ ನೋಡಿ ನಂಬಿ ಕೊಳ್ಳುವವರು ನಮ್ಮವರೇ. ಬರೆದದ್ದನ್ನು ಅಳಿಸಿದೆ. ನಾಣ್ಯ ಮತ್ತೆ ಅಪ್ಪನ ಡಬ್ಬಿ ಸೇರಿತು.

ಇಂದು ಕೇಳಿಕೊಳ್ಳೋಣ: ಸುಳ್ಳೆಂದು ತಿಳಿದ ಮೇಲೂ ಯಾವ ಮಾತನ್ನು ನಾವು ಅಳಿಸದೆ ಬಿಟ್ಟಿದ್ದೇವೆ?

ಭವತು ಸಬ್ಬ ಮಂಗಲಂ.